ಅಲಾರಿಕ್‌ನ ನಿಧಿ ಮತ್ತು ಹತ್ತು ಕ್ವಿಂಟಲ್ ಮೆಣಸು

ಇಟಲಿಯ ಕೊಸೆಂಜಾದಲ್ಲಿ ಬುಸೆಂಟೋ ಅಂತ ಒಂದು ಹೊಳೆ. 410ರಲ್ಲಿ ರೋಮ್ ಕೊಳ್ಳೆ ಹೊಡೆದ ಜರ್ಮಾನಿಕ್ ಬುಡಕಟ್ಟಾದ ಗೋಥರ ನಾಯಕ ಅಲಾರಿಕ್ ಅದೇ ವರ್ಷ ಸತ್ತಾಗ ಹೊಳೆಯನ್ನೇ ತಿರುಗಿಸಿ, ತಳದಲ್ಲಿ ನಿಧಿ ಸಮೇತ ಹೂತರಂತೆ. ಗುಟ್ಟು ರಟ್ಟಾಗದಿರಲಿ ಅಂತ ಗುಂಡಿ ತೋಡಿದವರನ್ನೆಲ್ಲ ಕೊಂದರಂತೆ. ಹಾಗಾದರೆ ಹೇಳಿದ್ದು ಯಾರು, ಹೊಳೆಯೇ? ಬರೆದವನು ಗೋಥರ ಚರಿತ್ರೆ ಬರೆದ ಜೋರ್ಡಾನೆಸ್, ಅದೂ 140 ವರ್ಷ ಆದಮೇಲೆ. ಅಷ್ಟನ್ನೇ ನಂಬಿ 1937ರಲ್ಲಿ ನಾಜಿ ನಾಯಕ ಹಿಮ್ಲರ್ ಬಂದು ನೋಡಿ ಹೋದ. 2015ರಲ್ಲಿ ಊರಿನವರು ಡ್ರೋನ್ ಹಾರಿಸ್ತೀವಿ ಅಂತ ಹೊರಟರು.

ಪಾಪ, ಇತಿಹಾಸಕಾರರ ಕಷ್ಟವೂ ಸಣ್ಣದಲ್ಲ. ಈ ಅಲಾರಿಕ್‌ನನ್ನು ಏನಂತ ಕರೆಯೋದು? ರಾಜನೋ, ದಂಡನಾಯಕನೋ, ಬುಡಕಟ್ಟಿನ ಮುಖಂಡನೋ? ರೋಮ್ ಪದವಿ ಕೊಟ್ಟ ಪುಟದಲ್ಲಿ ಸೇನಾಪತಿ, ರೋಮಿಗೆ ಅದು ಕೊಟ್ಟ ಮಾತನ್ನು ಅವನು ನೆನಪಿಸಿದ ಪುಟದಲ್ಲಿ ಬರ್ಬರ. ಜೋರ್ಡಾನೆಸ್‌ನಂತೂ ಕೇಳಲೇಬೇಡಿ, ಗೋಥರನ್ನು ಸ್ಕಾಂಡ್ಜಾ (ಅಂದರೆ ಸ್ಕ್ಯಾಂಡಿನೇವಿಯಾ) ದ್ವೀಪದಿಂದ ಬರೀ ಮೂರು ಹಡಗಿನಲ್ಲಿ ಕರಕೊಂಡು ಬಂದ ಪುಣ್ಯಾತ್ಮ.

ಕೊಳ್ಳೆಗೂ ಮುಂಚೆ ರೋಮಿಗೆ ಮುತ್ತಿಗೆ ಹಾಕಿದಾಗ ಅಲಾರಿಕ್ ವಸೂಲಿ ಮಾಡಿದ ಪಟ್ಟಿ ನನಗೆ ತುಂಬಾ ಇಷ್ಟ. 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ಚರ್ಮ, ಕೊನೆಗೆ 3,000 ಪೌಂಡ್ ಮೆಣಸು! ಅಂದಿನ ಪೌಂಡ್ ಲೆಕ್ಕದಲ್ಲಿ ಹತ್ತು ಕ್ವಿಂಟಲ್ ಹತ್ತಿರ ಆಯ್ತು. ಆಗ ರೋಮಿಗೆ ಕರಿಮೆಣಸು ಹಡಗೇರುತ್ತಿದ್ದುದು ನಮ್ಮ ಪಕ್ಕದ ಮಲಬಾರಿನಿಂದ. ಮಳೆಗಾಲ ಕಳೆದು, ಬಳ್ಳಿಯಿಂದ ಮೆಣಸಿನ ಗೆರೆ (ತೆನೆ) ಕೊಯ್ದು, ಅಂಗಳದಲ್ಲಿ ಒಣಗಿಸಿದ ಯಾವನೋ ಬೆಳೆಗಾರನಿಗೆ ತನ್ನ ಮಾಲು ಒಂದು ಸಾಮ್ರಾಜ್ಯದ ಮಾನ ಕಾಯುತ್ತೆ ಅಂತ ಗೊತ್ತಿತ್ತಾ?

ಅಷ್ಟಾದರೂ ಅವನು ಮಾತುಕತೆ ಬಿಡಲಿಲ್ಲ. ಕೊನೆಗೆ ಪದವಿ ಬೇಡ, ಚಿನ್ನ ಬೇಡ, ಡಾನ್ಯೂಬ್ ನದಿ ದಂಡೆಯ ನೋರಿಕಮ್ ಪ್ರಾಂತ್ಯ ಕೊಡಿ, ವರ್ಷಕ್ಕೆ ಒಂದಿಷ್ಟು ಧಾನ್ಯ ಕೊಡಿ ಸಾಕು ಅಂದ. ಇಟಲಿಯ ರವೆನ್ನಾ ಪಟ್ಟಣದ ಜೌಗಿನ ನಡುವೆ ಬೆಚ್ಚಗೆ ಕೂತಿದ್ದ ಚಕ್ರವರ್ತಿ ಹೊನೋರಿಯಸ್ ಅದಕ್ಕೂ ಆಗಲ್ಲ ಅಂದ. ಆಮೇಲೆ ನಡೆದ ಮೂರು ದಿನದ ಕೊಳ್ಳೆಗೆ ಮಾತ್ರ ಪುಸ್ತಕದಲ್ಲಿ ದೊಡ್ಡಕ್ಷರದ ತಲೆಬರಹ.

ತಮಾಷೆ ಸಾಕು. 376ರಲ್ಲಿ ಇದೇ ಗೋಥರು ಹೂಣರಿಗೆ ಹೆದರಿ, ಅಪ್ಪಣೆ ಕೇಳಿಕೊಂಡೇ ಡಾನ್ಯೂಬ್ ದಾಟಿ ಬಂದಿದ್ದರು. ಹಸಿದವರಿಗೆ ರೋಮಿನ ಅಧಿಕಾರಿಗಳು ನಾಯಿ ಹಿಡಿದು ತಂದು ಮಾರಿದರು. ಒಂದು ನಾಯಿಗೆ ಒಬ್ಬ ಗುಲಾಮ. ಹಾಗೆ ಹೋದವರಲ್ಲಿ ಗೋಥ್ ಮುಖಂಡರ ಮಕ್ಕಳೂ ಇದ್ದರು. ಇದನ್ನು ಬರೆದಿಟ್ಟವನು ಗೋಥನಲ್ಲ, ರೋಮಿನ ಸೈನ್ಯದಲ್ಲೇ ಇದ್ದ ಇತಿಹಾಸಕಾರ ಅಮ್ಮಿಯಾನಸ್. ನಾಯಿ ಮಾರಿದವರನ್ನು ಬರ್ಬರರು ಅಂತ ಕರೆದ ಪುಸ್ತಕ ನಾನಂತೂ ನೋಡಿಲ್ಲ. ಎಲ್ಲ ಕಡೆ ಅವರು ಅಧಿಕಾರಿಗಳೇ.