ಸತ್ಯಾಂಶ: ಅಲಾಸ್ಕಾ ಕ್ರೂಸ್‌ನಲ್ಲಿ ಪೆಂಗ್ವಿನ್ ಕಾಣುವುದಿಲ್ಲ

ಹಿಮಕರಡಿಯ ಪಕ್ಕದಲ್ಲೇ ಪೆಂಗ್ವಿನ್ ಸಾಲು ನಿಂತ ಚಿತ್ರ, ಜೊತೆಗೆ 'ಅಲಾಸ್ಕಾ ಕ್ರೂಸ್‌ನಲ್ಲಿ ಇದನ್ನೆಲ್ಲ ಹಡಗಿನಿಂದಲೇ ನೋಡಬಹುದು' ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಎರಡೂ ಹಿಮದ ಜೀವಿಗಳಾದ್ದರಿಂದ ಒಂದೇ ಕಡೆ ಇರುತ್ತವೆ ಅನ್ನಿಸುವುದು ಸಹಜ. ಆದರೆ ಇದು ನಿಜವಲ್ಲ.

ಕಾಡು ಪೆಂಗ್ವಿನ್‌ಗಳು ಇರುವುದು ದಕ್ಷಿಣಾರ್ಧಗೋಳದಲ್ಲಿ. ಗ್ಯಾಲಪಗೋಸ್ ದ್ವೀಪಗಳ ಕೆಲವು ಮಾತ್ರ ಸಮಭಾಜಕವನ್ನು ತುಸು ದಾಟಿವೆ. ಅಲಾಸ್ಕಾದಲ್ಲಿ ಕಾಣುವ ಕಪ್ಪು-ಬಿಳುಪು ಹಕ್ಕಿ ಪಫಿನ್ ಇರಬಹುದು. ಅದು ಹಾರುತ್ತದೆ, ಪೆಂಗ್ವಿನ್ ಹಾರದು. ಹಿಮಕರಡಿಗಳು ಅಲಾಸ್ಕಾದಲ್ಲಿವೆ, ಆದರೆ ಉತ್ತರ ಮತ್ತು ಪಶ್ಚಿಮ ಕರಾವಳಿಯ ಸಮುದ್ರಹಿಮದ ಕಡೆ. ಸಾಮಾನ್ಯ ಕ್ರೂಸ್‌ಗಳು ಸಾಗುವ ಆಗ್ನೇಯ ಅಲಾಸ್ಕಾದ ಜೂನೊ, ಸ್ಕ್ಯಾಗ್ವೇ, ಗ್ಲೇಸಿಯರ್ ಬೇ ಅಲ್ಲಿಂದ ಸಾವಿರ ಕಿ.ಮೀ.ಗೂ ಹೆಚ್ಚು ದೂರ.

ನೀವೇ ಪರೀಕ್ಷಿಸಬಹುದು. ಚಿತ್ರವನ್ನು ಉಳಿಸಿಕೊಂಡು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದು ಮೊದಲು ಎಲ್ಲಿ, ಯಾವ ವಿವರದೊಂದಿಗೆ ಬಂದಿತ್ತು ನೋಡಿ. ಆಮೇಲೆ ಕ್ರೂಸ್‌ನ ದಿನವಾರು ಬಂದರುಗಳನ್ನು ನಕ್ಷೆಯಲ್ಲಿ ಗುರುತಿಸಿ. ಗ್ಲೇಸಿಯರ್ ಬೇ ಇರುವುದು ಸುಮಾರು 58–59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಿಮಕರಡಿಗಳ ಸೀಮೆಯ ಉಟ್ಕಿಯಾಗ್ವಿಕ್ ಊರು 71ರಲ್ಲಿ. ಜಾಹೀರಾತಿನ ಚಿತ್ರಕ್ಕಿಂತ ಈ ಬಂದರುಗಳ ಪಟ್ಟಿಯನ್ನೇ ನಂಬಬೇಕು.

ನಿಜಕ್ಕೂ ಕಾಣಸಿಗುವುದೇನು ಕಡಿಮೆಯಲ್ಲ: ಹಂಪ್‌ಬ್ಯಾಕ್ ತಿಮಿಂಗಿಲ, ಓರ್ಕಾ, ಸಮುದ್ರ ನೀರುನಾಯಿ, ಬೋಳು ಹದ್ದು, ತೇಲುವ ಮಂಜುಗಡ್ಡೆಯ ಮೇಲೆ ಮಲಗಿದ ಸೀಲ್, ದಡದಲ್ಲಿ ಕಂದು ಕರಡಿ. ಹಂಪ್‌ಬ್ಯಾಕ್‌ಗಳು ಹೆಚ್ಚಾಗಿ ಬೇಸಿಗೆಯಲ್ಲೇ ಇಲ್ಲಿರುತ್ತವೆ. ಚಳಿಗಾಲಕ್ಕೆ ಬಹುಪಾಲು ಹವಾಯಿ ಕಡೆಗೆ ಹೋಗುತ್ತವೆ. ಅವುಗಳಿಂದ ಹಡಗು, ದೋಣಿಗಳು ಕನಿಷ್ಠ 100 ಗಜ ದೂರವಿರಬೇಕೆಂಬ ನಿಯಮವಿದೆ. ಹಾಗಾಗಿ 8x42 ಅಳತೆಯ (8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ದುರ್ಬೀನು ಜೊತೆಗಿರಲಿ.