ಕೂತು ಕೊಂಡ ಜೋಡು ನಿಂತಾಗ ಕಚ್ಚೀತು

ಶಿರಸಿ ಪೇಟೆಯಲ್ಲಿ ಚಪ್ಪಲಿ ಅಂಗಡಿಗೆ ಕಾಲಿಟ್ಟ ಕೂಡಲೇ ಸ್ಟೂಲು ಎಳೆದು ‘ಕೂತ್ಕಳಿ’ ಎನ್ನುತ್ತಾರೆ. ಗಿರಾಕಿ ಕೂರುತ್ತಾನೆ. ಕೂತೇ ಕಾಲು ಚಾಚುತ್ತಾನೆ, ಕೂತೇ ಜೋಡು ಹಾಕಿಕೊಳ್ಳುತ್ತಾನೆ, ಕೂತೇ ಹೆಬ್ಬೆರಳು ಆಡಿಸಿ ‘ಅಡ್ಡಿಲ್ಲೆ, ಆರಾಮ ಅದೆ’ ಎಂದು ದುಡ್ಡು ಕೊಡುತ್ತಾನೆ. ಮರುದಿನದಿಂದ ಅದೇ ಜೋಡಿನಲ್ಲಿ ಹತ್ತು ತಾಸು ನಿಲ್ಲಬೇಕಾದವನು ಅವನು. ಸೀರೆ ಅಂಗಡಿಯ ಸೇಲ್ಸ್‌ಮನ್ನೋ, ಖಾನಾವಳಿಯ ಸಪ್ಲಾಯರೋ, ದೇವಿಮನೆ ಘಟ್ಟದ ತಿರುವಿನಲ್ಲಿ ಕಂಬಕ್ಕೆ ಒರಗಿ ಟಿಕೆಟ್ ಕೊಡುವ ಕಂಡಕ್ಟರೋ ಆಗಿರುತ್ತಾನೆ.

ಕೂತ ಕಾಲಿನ ಅಳತೆ ನಿಂತ ಕಾಲಿಗೆ ಆಗುವುದಿಲ್ಲ. ಮೈಭಾರ ಬಿದ್ದೊಡನೆ ಪಾದದ ಕಮಾನು ತಗ್ಗಿ, ಪಾದ ಉದ್ದಕ್ಕೂ ಅಗಲಕ್ಕೂ ತುಸು ಹಿಗ್ಗುತ್ತದೆ. ದಿನವಿಡೀ ನಿಂತರೆ ಸಂಜೆಗೆ ಊತವೂ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಬೋಣಿಗೆ ಕೊಂಡ ಜೋಡು ಸಂಜೆ ಐದಕ್ಕೆ ಕಚ್ಚುವುದು ಇದರಿಂದಲೇ. ಆದ್ದರಿಂದ ಜೋಡು ಕೊಳ್ಳಲು ಸಂಜೆಯೇ ಹೊರಡಿ, ಹಾಕಿಕೊಳ್ಳುವ ಕಾಲುಚೀಲ ಜೇಬಿನಲ್ಲಿರಲಿ. ಅದಕ್ಕೂ ಮೊದಲು ಮನೆಯಲ್ಲೇ ನೆಲದ ಮೇಲೆ ಕಾಗದ ಹಾಸಿ, ಅದರ ಮೇಲೆ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿಸಿ ಎರಡೂ ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ. ಎರಡೂ ಒಂದೇ ಅಳತೆ ಇರುವುದು ಕಡಿಮೆ, ದೊಡ್ಡದಕ್ಕೇ ಜೋಡು ಕೊಳ್ಳಬೇಕು. ಅತಿ ಉದ್ದದ ಬೆರಳಿನ ಮುಂದೆ 1 ಸೆಂ.ಮೀ. ಜಾಗ ಉಳಿಯಲಿ. ಆ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಎಷ್ಟೋ ಜನರಿಗೆ ಅದರ ಪಕ್ಕದವನದೇ ಕಾರುಬಾರು.

‘ನಂದು ಎಂಟನೇ ನಂಬರು’ ಎಂದು ಮದುವೆಯಾದ ವರ್ಷದಿಂದ ಹೇಳುತ್ತ ಬಂದವರು ಇನ್ನೊಮ್ಮೆ ಅಳೆಸಿಕೊಳ್ಳುವುದು ಒಳ್ಳೆಯದು. ವಯಸ್ಸಾದಂತೆ ಪಾದದ ಕಟ್ಟು ಸಡಿಲಾಗಿ ಅಗಲವಾಗುತ್ತದೆ. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಬ್ರಿಟನ್ನಿನ ನಂಬರು. ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ. ಅಮೆರಿಕದ ನಂಬರು ಗಂಡಸರ ಜೋಡಿನಲ್ಲಿ ಸಾಮಾನ್ಯವಾಗಿ ಒಂದು ಹೆಚ್ಚು. ಬೆಂಗಳೂರಿನ ಮಗ ಪ್ರೀತಿಯಿಂದ ಆನ್‌ಲೈನಿನಲ್ಲಿ ತರಿಸಿಕೊಟ್ಟ ಅಮೆರಿಕದ ಎಂಟು ಇಲ್ಲಿನ ಏಳು. ಮಗನ ಮನಸ್ಸು ನೋಯಬಾರದೆಂದು ಅಪ್ಪ ಬೆರಳು ಮುದುಡಿಕೊಂಡೇ ವರ್ಷ ಕಳೆಯುತ್ತಾರೆ.

ಬಿಗಿಯಾಗ್ತದೆ ಎಂದರೆ ಅಂಗಡಿಯವರ ಉತ್ತರ ಸಿದ್ಧ: ‘ಹಾಕ್ತಾ ಹಾಕ್ತಾ ಲೂಸ್ ಆಗ್ತದೆ ಹೆಗಡೇರೆ.’ ಮಾತಿನಲ್ಲಿ ಅರ್ಧ ಸತ್ಯವಿದೆ. ಅಸಲಿ ಚರ್ಮ ಅಗಲಕ್ಕೆ ತುಸು ಬಿಟ್ಟುಕೊಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ರೆಕ್ಸಿನ್ ಯಾವ ಕಡೆಗೂ ಬಿಡುವುದಿಲ್ಲ. ಅಲ್ಲಿ ಸಡಿಲಾಗುವುದು ಹೆಗಡೇರ ಹಟ ಮಾತ್ರ.

ಅಂಗಡಿಯಲ್ಲಿ ಎದ್ದು ನಿಂತು, ನಾಚಿಕೆ ಬಿಟ್ಟು, ಜೋಡಿನ ಜೊತೆ ಸ್ವಲ್ಪ ಕುಸ್ತಿ ಆಡಬೇಕು. ತುದಿಯನ್ನೂ ಹಿಮ್ಮಡಿಯನ್ನೂ ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಇರುವಲ್ಲಿ ಬಗ್ಗಿದರೆ ಸರಿ, ನಟ್ಟನಡುವೆ ಮಡಚಿಕೊಂಡರೆ ಕಮಾನಿಗೆ ಆಸರೆಯಿಲ್ಲ. ಹಾಗೆಯೇ ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಳ್ಳಬಾರದು. ಹಿಮ್ಮಡಿಯನ್ನು ಹಿಂದಿನಿಂದ ಹಿಡಿಯುವ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಕ್ಕೆ ಕುಸಿದರೆ ವಾಪಸು ಕೊಡಿ. ಒಳಹಾಸು ತೆಗೆಯಲು ಬರುವಂತಿದ್ದರೆ ಹೊರಗೆ ತೆಗೆದು ಅದರ ಮೇಲೆ ನಿಲ್ಲಿ. ಪಾದ ಅಂಚಿನಿಂದ ಹೊರಗೆ ಚಾಚಿದರೆ ಜೋಡಿನೊಳಗೂ ಅದಕ್ಕೆ ಜಾಗವಿಲ್ಲ, ಕಿರುಬೆರಳಿನ ಮೇಲೆ ಆಣಿ ಏಳುವುದು ಅಲ್ಲಿಂದಲೇ. ‘ಮೆಮೊರಿ ಫೋಮ್’ ಎಂಬ ಮೆತ್ತೆಗೆ ಮರುಳಾಗಬೇಡಿ. ಐದು ನಿಮಿಷ ಸ್ವರ್ಗ, ಐದನೇ ತಾಸಿಗೆ ಅದು ಅಪ್ಪಚ್ಚಿಯಾಗಿ ಕಾಲು ನೇರ ನೆಲಕ್ಕೇ ತಾಗಿದ ಲೆಕ್ಕ. ದಿನವಿಡೀ ನಿಲ್ಲುವವರಿಗೆ ನಡುವೆ ಇವಿಎ ಎಂಬ ಹಗುರ ಫೋಮಿನ ತುಸು ಗಟ್ಟಿಯಾದ ಪದರ, ನೆಲ ತಾಗುವ ಅಡಿ ರಬ್ಬರಿನದು, ಹಿಮ್ಮಡಿ 2–3 ಸೆಂ.ಮೀ. ಎತ್ತರ, ಇಷ್ಟಿದ್ದರೆ ಸಾಕು.

ಇಷ್ಟೆಲ್ಲ ನೋಡಿ ತಂದದ್ದನ್ನು ಕೆಡಿಸುವುದು ಹೊಸ್ತಿಲು. ಮನೆ, ದೇವಸ್ಥಾನ, ಪಕ್ಕದ ಮನೆಯ ಜಗಲಿ, ಊಟದ ಪಂಕ್ತಿ ಎಂದು ದಿನಕ್ಕೆ ಎಷ್ಟು ಸಲ ಬಿಚ್ಚುತ್ತೇವೆ! ಲೇಸು ಯಾರು ಕಟ್ಟಬೇಕು ಎಂದು ಹಿಂದಿನ ಗೋಡೆ ಮೆಟ್ಟಿಕೊಂಡು ನುಗ್ಗಿಸುವುದೇ ರೂಢಿ. ಹದಿನೈದು ದಿನಕ್ಕೆ ಎರಡು ಸಾವಿರದ ಶೂಸು ಚಪ್ಪಲಿಯಾಗಿ ಬಡ್ತಿ ಪಡೆದಿರುತ್ತದೆ. ಶೂ ಹಾರ್ನ್ ಇಲ್ಲದಿದ್ದರೆ ಊಟದ ಚಮಚದ ಹಿಡಿಕೆ ಸಾಕು, ಆದರೆ ಆ ಚಮಚ ಮತ್ತೆ ಅಡುಗೆಮನೆ ಸೇರಿದ ಸುದ್ದಿ ಹೊರಗೆ ಬರಬಾರದು.

ಹಿಮ್ಮಡಿ ಜಾರಿದರೆ ಘಟ್ಟದಲ್ಲಿ ಬಸ್ಸು ಬ್ರೇಕ್ ಹಾಕಿದಾಗೆಲ್ಲ ಪಾದ ಮುಂದಕ್ಕೆ ನುಗ್ಗಿ ಉಗುರು ಕಪ್ಪಾಗುತ್ತದೆ. ಎಷ್ಟೋ ಶೂಸಿನಲ್ಲಿ ಲೇಸು ಹಾಕುವ ತೂತುಗಳ ಸಾಲಿನ ಮೇಲ್ತುದಿಗೆ ಒಂದು ಹೆಚ್ಚಿನ ತೂತು ಇರುತ್ತದಲ್ಲ, ಅದು ಇರುವುದು ಇದಕ್ಕೇ. ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ಕೊನೆಯ ತೂತಿಗೆ ಏರಿಸಿ ಚಿಕ್ಕ ಕುಣಿಕೆ ಬಿಡಿ. ಆ ಬದಿಯ ತುದಿಯನ್ನು ಈ ಬದಿಯ ಕುಣಿಕೆಗೆ, ಇದನ್ನು ಅದಕ್ಕೆ ತೂರಿಸಿ, ಕೆಳಗೆಳೆದು ಬಿಗಿದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ.

ಇನ್ನು ನಮ್ಮ ಜಿಲ್ಲೆಯದೇ ಒಂದು ಪ್ರಹಸನ. ಒಳ್ಳೆಯ ಶೂಸನ್ನು ‘ಹಾಳಾಗಬಾರದು’ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿರುತ್ತಾರೆ. ಮೂರು ನಾಲ್ಕು ಮಳೆಗಾಲ ಕಳೆದು, ತಂಗಿಯ ಮಗಳ ಮದುವೆಗೆ ಹೊರತೆಗೆದು ಹಾಕಿಕೊಳ್ಳುತ್ತಾರೆ. ಹಾಲ್‌ನಲ್ಲಿ ಬೀಗರನ್ನು ಎದುರುಗೊಳ್ಳಲು ನಡೆಯುವಾಗ ಅಡಿ ರವೆ ಉಂಡೆ ಒಡೆದಂತೆ ಉದುರುತ್ತ ಹೋಗುತ್ತದೆ. ಹಿಂದೆ ಬಂದವರು ಕರಿ ಪುಡಿಯ ಜಾಡು ಹಿಡಿದು ಮಾವನವರನ್ನು ಪತ್ತೆಹಚ್ಚಬಹುದು. ಇದು ಅಂಗಡಿಯವರ ಮೋಸವಲ್ಲ. ಪಿಯು, ಅಂದರೆ ಪಾಲಿಯುರಿಥೇನ್ ಅಡಿಯನ್ನು ಗಾಳಿಯ ತೇವವೇ ಒಳಗೊಳಗೆ ಒಡೆಯುತ್ತದೆ. ಹಾಕದೆ ಇಟ್ಟರೂ ಒಡೆಯುತ್ತದೆ, ಗಾಳಿಯಾಡದ ಕವರಿನಲ್ಲಿ ತೇವ ಕೂಡಿಕೊಂಡು ಇನ್ನಷ್ಟು ಒಡೆಯುತ್ತದೆ. ಅಂಚಿಗೆ ಉಗುರು ಒತ್ತಿದಾಗ ಅಂಟಂಟಾದರೆ ಅಥವಾ ಪುಡಿ ಬಂದರೆ ಅದರ ಕಥೆ ಮುಗಿಯಿತು. ಯಾವ ಅಂಟೂ ಹಿಡಿಯುವುದಿಲ್ಲ, ಹೊಸ ಅಡಿಯನ್ನೇ ಹಾಕಿಸಬೇಕು. ಒಳ್ಳೆಯದನ್ನು ಆಗಾಗ ಹಾಕಿಕೊಂಡು ತಿರುಗುವುದೇ ಲಾಭ. ಮದುವೆಗೆಂದೇ ಕಾದಿರಿಸುವವರು ರಬ್ಬರ್ ಅಡಿಯದನ್ನು ಕೊಳ್ಳಲಿ.

ಮಳೆಯಲ್ಲಿ ನೆನೆದ ಶೂಸನ್ನು ಬಚ್ಚಲೊಲೆಯ ಕಟ್ಟೆಗೆ ಒರಗಿಸುವ ಚಾಳಿಯೂ ಬೇಡ. ಬಿಸಿಗೆ ಅಂಟು ಬಿಡುತ್ತದೆ, ಚರ್ಮ ಸೆಟೆದು ಬಿರಿಯುತ್ತದೆ. ಒಳಹಾಸು ಹೊರಗೆ ತೆಗೆದು, ಹಳೆಯ ಪೇಪರು ತುರುಕಿ, ಒಂದೆರಡು ತಾಸಿಗೊಮ್ಮೆ ಪೇಪರು ಬದಲಿಸಿ ಫ್ಯಾನಿನ ಕೆಳಗಿಡಿ. ಪೂರ್ತಿ ಒಣಗಲು ಒಂದು ದಿನವಾದರೂ ಬೇಕು, ಆದ್ದರಿಂದ ಮಳೆಗಾಲಕ್ಕೆ ಎರಡು ಜೊತೆ ಇಲ್ಲದೆ ಗತಿಯಿಲ್ಲ. ಕಾರವಾರದಲ್ಲಿ ಟಾಗೋರ್ ಕಡಲತೀರ ಸುತ್ತಿ ಬಂದ ಮೇಲೆ ಒಳಹಾಸಿನ ಕೆಳಗಿನ ಮರಳು ಕೊಡವಿ, ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ. ಹಾವಸೆ ಕಟ್ಟಿದ ಚಿರೇಕಲ್ಲಿನ ಮೆಟ್ಟಿಲಿಗೆ ಮಾತ್ರ ಯಾವ ಕಂಪನಿಯ ಯಾವ ಅಡಿಯೂ ಪೂರಾ ಜವಾಬು ಕೊಡುವುದಿಲ್ಲ. ಅಲ್ಲಿ ಮೊದಲು ಮೆಟ್ಟಿಲು ತಿಕ್ಕಬೇಕು.

ಹಾಗಾದರೆ ಹವಾಯಿಯೇ ಸಾಕಲ್ಲ ಎನ್ನುವವರಿಗೆ: ಅದರ ಹಿಮ್ಮಡಿ ಸಡಿಲ. ನಡೆದಂತೆ ಪಟಪಟ ಎದ್ದು ಕೆಂಪು ರಾಡಿಯನ್ನು ಬಿಳಿ ಪಂಚೆಯ ಬೆನ್ನಿಗೆ ಚುಕ್ಕಿ ಚುಕ್ಕಿಯಾಗಿ ಹಾರಿಸುತ್ತದೆ. ಅದು ಕಳಚದಿರಲೆಂದು ಬೆರಳುಗಳು ದಿನವಿಡೀ ಬಾರನ್ನು ಅವಚಿ ಹಿಡಿದು ಸೋಲುತ್ತವೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಹೊಡೆದ ನೋವು ಬಂದರೆ ಎಲ್ಲರೂ ‘ವಾತ’ ಎನ್ನುತ್ತಾರೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾಯುವ ಪಟ್ಟಿ ಸೋತಿರುವುದೇ ಹೆಚ್ಚಿನ ಸಲ ಕಾರಣ. ರಾತ್ರಿ ಬಿಗಿದುಕೊಂಡದ್ದು ಬೆಳಿಗ್ಗೆ ಒಮ್ಮೆಲೇ ಎಳೆಯುತ್ತದೆ. ಮಂಚದ ಬುಡದಲ್ಲೇ ಆಸರೆಯಿರುವ ಚಪ್ಪಲಿ ಇಟ್ಟುಕೊಳ್ಳಿ, ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸಿ, ಕೆಲವು ವಾರದಲ್ಲೂ ತಗ್ಗದಿದ್ದರೆ ಡಾಕ್ಟರಿಗೆ ತೋರಿಸಿ. ಒಳಗೆ ಚಪ್ಪಲಿ ಹಾಕಿದ್ದಕ್ಕೆ ಅಜ್ಜಿ ಕಣ್ಣು ಕೆಂಪು ಮಾಡಿದರೆ ‘ಇದು ಒಳಗಿನದು ಅಜ್ಜಿ, ಅಂಗಳ ಕಂಡಿದ್ದಿಲ್ಲೆ’ ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರು ನೋವಿಗೆ ಕಾಯಬಾರದು. ಸ್ಪರ್ಶ ಮಂದವಾಗಿ ಗಾಯವೇ ಗೊತ್ತಾಗದಿರಬಹುದು, ಜೋಡಿನೊಳಗೂ ಅಂಗಾಲನ್ನೂ ದಿನಾ ನೋಡಿಕೊಳ್ಳಬೇಕು.

ಹೊಸ ಜೋಡನ್ನು ಮಾರಿಕಾಂಬಾ ಜಾತ್ರೆಯ ದಿನವೇ ಉದ್ಘಾಟಿಸುವವರು ಪ್ರತಿ ಜಾತ್ರೆಗೂ ಸಿಗುತ್ತಾರೆ. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಅದು ನಡೆಯುವ ಬಿಡ್ಕಿಬೈಲಿನ ಸುತ್ತಾಟ ತಾಸುಗಟ್ಟಲೆ, ಬೊಬ್ಬೆ ಏಳುವುದು ಮಾತ್ರ ಮೊದಲ ತಾಸಿಗೇ. ಒಂದು ವಾರ ಮೊದಲಿನಿಂದ ಮನೆಯಲ್ಲಿ ದಿನಕ್ಕೆ ತಾಸೆರಡು ತಾಸು ಹಾಕಿಕೊಂಡಿರಿ. ಕಚ್ಚಿದರೆ ಬದಲಿಸಿಕೊಳ್ಳಲು ಬೇಕಾದೀತು, ಅಂಗಡಿಯ ಬಿಲ್ಲು ಎಸೆಯಬೇಡಿ.

ಮಳೆಗಾಲದಲ್ಲಿ ಜಗಲಿಯಲ್ಲಿ ಬಿಟ್ಟ ಶೂಸಿಗೆ ಕಾಲು ಹಾಕುವ ಮೊದಲು ಬೋರಲು ಹಾಕಿ ನೆಲಕ್ಕೆರಡು ಸಲ ಬಡಿಯಿರಿ. ಕಪ್ಪೆಯಾದರೆ ಹಾರಿ ಹೋಗುತ್ತದೆ, ಜರಿಯೋ ಚೇಳೋ ಆದರೆ ನೀವು ಹಾರುತ್ತೀರಿ. ರಾತ್ರಿ ಮಾತ್ರ ಎತ್ತರದ ಹಲಗೆಯ ಮೇಲಿಡಿ. ನಾಯಿ ಒಯ್ಯುವುದು ಯಾವಾಗಲೂ ಒಂದೇ ಕಾಲಿನದು, ಅದೂ ಹೊಸ ಜೊತೆಯದ್ದು. ಹುಡುಕಲು ಹೊರಟರೆ ತೋಟದ ನೀರು ಬಸಿಯುವ ಕೊನೆಯ ಕಾದಿಗೆಯಿಂದಲೇ ಶುರುಮಾಡಿ.