ಪೀಚ್ ಬಂತಾ ಸರ್?

ಕಾಫಿ ಕುಡಿಯೋಕೆ ಹೋದವನು ವೈವಾ ಕೊಟ್ಟು ಬಂದೆ.

ಕೌಂಟರಿನ ಮುಂದೆ ನಿಂತು "ಒಂದು ಕಾಫಿ" ಅಂದೆ. ಅಷ್ಟೇ ಅಂದಿದ್ದು. ಪುಸ್ತಕದ ಅಂಗಡಿಗೆ ಹೋಗಿ "ಒಂದು ಪುಸ್ತಕ ಕೊಡಿ" ಅಂದವರನ್ನು ನೋಡುವ ಹಾಗೆ ಏಪ್ರನ್ ತೊಟ್ಟ ಹುಡುಗ ನನ್ನನ್ನು ನೋಡಿದ. ಯಾವ ದೇಶದ್ದು ಸರ್? ಇಥಿಯೋಪಿಯಾ, ಕೊಲಂಬಿಯಾ, ಪನಾಮಾ ಇದೆ. ವಾಶ್ಡ್ ಬೇಕಾ, ನ್ಯಾಚುರಲ್ಲಾ, ಇಲ್ಲಾ ಗಾಳಿ ಸೋಕದ ಹಾಗೆ ಡ್ರಮ್ಮಿನಲ್ಲಿ ಮುಚ್ಚಿಟ್ಟು ಹುಳಿ ಬರಿಸಿದ್ದಾ? ವಿ60ಯಲ್ಲಾ, ಕೆಮೆಕ್ಸಲ್ಲಾ, ಏರೋಪ್ರೆಸ್ಸಲ್ಲಾ? ನನಗೆ ಬಿಸಿ ಬಿಸಿಯಾಗಿ ಬೇಕಿತ್ತು. ಆ ಆಯ್ಕೆ ಮಾತ್ರ ಇರಲಿಲ್ಲ.

"ನೀವೇ ಏನಾದ್ರೂ ಕೊಡಿ" ಅಂದುಬಿಟ್ಟೆ. ತಪ್ಪು ಮಾಡಿದೆ. ಹುಡುಗನ ಕಣ್ಣು ಹೊಳೆಯಿತು.

ಪುಟ್ಟ ತಕ್ಕಡಿಯ ಮೇಲೆ ಬಟ್ಟಲಿಟ್ಟು ಬೀಜ ಸುರಿದ. 15.3 ಗ್ರಾಂ. ತಲೆಯಾಡಿಸಿದ. ಎರಡು ಬೀಜ ಎತ್ತಿ ಪಕ್ಕಕ್ಕಿಟ್ಟ. 15.0 ಬಂತು. ಈಗ ಅವನಿಗೆ ಉಸಿರು ಬಂತು. ಆಮೇಲೆ ಸ್ಪ್ರೇ ಬಾಟಲಿಯಿಂದ ಬೀಜದ ಮೇಲೆ ಒಂದೇ ಒಂದು ಸಲ ನೀರು ಚಿಮುಕಿಸಿದ. ಯಾಕಪ್ಪಾ ಅಂದರೆ, ಬೀಸುವಾಗ ಪುಡಿ ಗ್ರೈಂಡರಿಗೆ ಅಂಟಬಾರದಂತೆ, ಸ್ಟ್ಯಾಟಿಕ್ ಅಂತೆ. ಇದು ನಿಜವೇ, ಕೆಲಸ ಮಾಡುತ್ತೆ. ಅದೇ ಬೇಜಾರು. ಇವರ ಹುಚ್ಚಿನಲ್ಲಿ ಅರ್ಧ ನಿಜವಾಗಿರೋದರಿಂದ ನೆಮ್ಮದಿಯಾಗಿ ನಗೋಕೂ ಆಗಲ್ಲ.

ಕೊಕ್ಕರೆ ಕತ್ತಿನ ಕೆಟಲ್ ಎತ್ತಿದ. ನೀರು 93 ಡಿಗ್ರಿ. ಮೊದಲು 45 ಗ್ರಾಂ ಸುರಿದ (ಇಲ್ಲಿ ನೀರನ್ನೂ ತೂಗುತ್ತಾರೆ). ಪುಡಿ ಉಬ್ಬಿತು, ಗುಳ್ಳೆ ಬಂತು. ಹುರಿದ ಬೀಜದಲ್ಲಿ ಸೇರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗೋದು ಅಷ್ಟೇ. ಅದಕ್ಕೆ ಹೆಸರು ಬ್ಲೂಮ್, ಅಂದರೆ ಅರಳೋದು. ಅರಳುವಾಗ ಮಾತಾಡಿಸಬಾರದು. ಹಿಂದೆ ಸಾಲಿನಲ್ಲಿದ್ದ ಇಬ್ಬರು ಫೋನ್ ಎತ್ತಿ ಅರಳಿದ್ದನ್ನು ವಿಡಿಯೋ ಮಾಡಿಕೊಂಡರು.

ಮೂರು ನಿಮಿಷಕ್ಕೆ ಕಾಫಿ ಇಳಿಯಿತು. ಕೈ ಹಾಕಿದೆ.

"ಈಗ್ಲೇ ಬೇಡಿ ಸರ್. ಸ್ವಲ್ಪ ತಣ್ಣಗಾಗಲಿ, ಆಗ ಪೀಚ್ ಹಣ್ಣಿನ ರುಚಿ ಬರುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಕಪ್ಪಿನ ಜೊತೆ ಒಂದು ಕಾರ್ಡ್ ಕೊಟ್ಟ. "ಮಲ್ಲಿಗೆ, ಪೀಚ್, ಕಪ್ಪು ಚಹಾ." ಉತ್ತರ ಮೊದಲೇ ಕೈಗೆ ಕೊಟ್ಟು ಆಮೇಲೆ ಪ್ರಶ್ನೆ ಕೇಳುವ ಪರೀಕ್ಷೆ ಇದೊಂದೇ ಇರಬೇಕು. ಆದರೂ ಫೇಲಾಗೋದು ನಾವೇ. ಅದಿರಲಿ, ಕಪ್ಪು ಚಹಾ? ಚಹಾದ ರುಚಿಯೇ ಬೇಕಿದ್ದರೆ ಚಹಾನೇ ಕುಡೀಬಹುದಿತ್ತಲ್ವಾ? ಕೇಳಿದೆ. ಹುಡುಗ ಮರುಕದಿಂದ ನಕ್ಕ. ಇದು ಗೇಷಾ ಸರ್, ಅಂದ.

ಗೇಷಾ ಇಥಿಯೋಪಿಯಾ ಮೂಲದ ತಳಿ. 2004ರಲ್ಲಿ ಪನಾಮಾದ ಎಸ್ಮೆರಾಲ್ಡಾ ತೋಟದವರು ಇದನ್ನು ಸ್ಪರ್ಧೆಗಿಟ್ಟಾಗ ತೀರ್ಪುಗಾರರು ಬೆರಗಾದರು. ಹರಾಜಿನಲ್ಲಿ ಪೌಂಡಿಗೆ 21 ಡಾಲರ್ ಬಂತು. ಆಗ ಅದೇ ದಾಖಲೆ. 2025ರಲ್ಲಿ ಅದೇ ತೋಟದ ಗೇಷಾ ಕಿಲೋಗೆ 30,204 ಡಾಲರಿಗೆ ಹೋಯಿತು. ಇಷ್ಟು ದುಡ್ಡು ಸುರಿದವರು ಕುಡಿದು ಏನಂತಾರೆ? ಆಹಾ, ಥೇಟ್ ಚಹಾದ ಹಾಗಿದೆ.

ಗೋಡೆಯ ಮೇಲೆ ಬಣ್ಣ ಬಣ್ಣದ ಚಕ್ರವೊಂದು ತೂಗುತ್ತಿತ್ತು. ರುಚಿಚಕ್ರ, ಅಂದರೆ ಕಾಫಿಯಲ್ಲಿ ಏನೇನು ರುಚಿ ಸಿಗಬಹುದು ಅನ್ನೋ ಪಟ್ಟಿ. 1995ರಲ್ಲಿ ಮೊದಲು ಬಂತು, 2016ರಲ್ಲಿ ಹೊಸದಾಗಿ ಬರೆದರು. ಕಪ್ ತಣ್ಣಗಾಗುವ ತನಕ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಪೂರ್ತಿ ಓದಿದೆ. ಪೀಚ್ ಇದೆ, ಮಲ್ಲಿಗೆ ಇದೆ. ರಬ್ಬರ್ ಇದೆ. ಪೆಟ್ರೋಲಿಯಂ ಇದೆ. ರಟ್ಟಿನ ಡಬ್ಬದ ರುಚಿಗೂ ಒಂದು ಜಾಗ ಇದೆ. ಕಾಫಿ ಮಾತ್ರ ಇಲ್ಲ. ಎರಡು ಸುತ್ತು ಹುಡುಕಿದೆ.

"ಪೀಚ್ ಬಂತಾ ಸರ್?"

ಒಂದು ಗುಟುಕು ಕುಡಿದೆ. "ಕಾಫಿ ಬರ್ತಿದೆ" ಅಂದೆ.

ಅವನ ಮುಖ ಸಪ್ಪಗಾಯಿತು. ಪಕ್ಕದ ಟೇಬಲ್ಲಿನ ಗಡ್ಡದವರು ನನ್ನ ಕಡೆ ತಿರುಗಿ, ಮತ್ತೆ ತಮ್ಮ ಕಪ್ಪಿನೊಳಗೆ ಇಣುಕಿ, "ಬಾಡಿ ಸ್ವಲ್ಪ ತೆಳು, ಆದ್ರೆ ಫಿನಿಶ್ ಉದ್ದ ಇದೆ" ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ. ಅವರ ಟೇಬಲ್ಲಿನಲ್ಲಿ ಅವರೊಬ್ಬರೇ ಇದ್ದರು.

ಧೈರ್ಯ ಮಾಡಿ ಸಕ್ಕರೆ ಕೇಳಿದೆ. ಗ್ರೈಂಡರ್ ಕೂಡ ನಿಂತ ಹಾಗಾಯಿತು. "ಸಿಹಿ ಅದರಲ್ಲೇ ಇದೆ ಸರ್, ಹುಡುಕಬೇಕು" ಅಂದ ಹುಡುಗ. ದುಡ್ಡು ಕೊಟ್ಟವನೂ ನಾನೇ, ಹುಡುಕಬೇಕಾದವನೂ ನಾನೇ.

ಹೀಗೆ ಸೋಸಿದ ಕಾಫಿಯಲ್ಲಿ ನೂರಕ್ಕೆ 98 ಪಾಲಿಗೂ ಜಾಸ್ತಿ ನೀರೇ. ಹಾಗಾಗಿ ನೀರಿಗೂ ಇಲ್ಲಿ ಒಂದು ಮಡಿ ಇದೆ. ನೀರಿನಲ್ಲಿರೋ ಖನಿಜವನ್ನೆಲ್ಲ ಮೊದಲು ತೆಗೀತಾರೆ. ಆಮೇಲೆ ಪೊಟ್ಟಣದಲ್ಲಿ ಖನಿಜ ಕೊಂಡು ತಂದು ಅದಕ್ಕೇ ಬೆರೆಸುತ್ತಾರೆ. ಕಾಫಿ ಚೆನ್ನಾಗಿ ಬಂದರೆ ಬರಿಸ್ಟಾ (ಕಾಫಿ ಮಾಡೋನು) ಜಾಣ, ಕೆಟ್ಟರೆ ನೀರು ಗಡಸು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇದಕ್ಕೆಲ್ಲ ಸ್ಪೆಷಾಲಿಟಿ ಕಾಫಿ ಅನ್ನೋ ಹೆಸರು ಕೊಟ್ಟವರು ಎರ್ನಾ ಕ್ನುಟ್ಸೆನ್ ಅನ್ನೋ ಮಹಿಳೆ, 1974ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕಾಫಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಸೆಕ್ರೆಟರಿ ಆಗಿದ್ದವರು. ರುಚಿ ನೋಡೋ ಕೋಣೆಗೆ ಹೆಂಗಸು ಬರಬಾರದು ಅಂತ ಅಲ್ಲಿನ ಗಂಡಸರು ತಕರಾರು ಮಾಡಿದ್ದರು. ಒಳಗೆ ಬಂದೇ ಬಂದರು, ಕಲಿತೇ ಕಲಿತರು. ಅವರು ಹೇಳಿದ್ದು ಸರಳ: ಕೆಲವು ಜಾಗದ ಹವೆಯಲ್ಲಿ ಬೆಳೆದ ಬೀಜಕ್ಕೆ ಅದರದ್ದೇ ರುಚಿ ಇರುತ್ತೆ, ಅದನ್ನು ಎಲ್ಲದರ ಜೊತೆ ಬೆರೆಸಿ ಹಾಳು ಮಾಡಬೇಡಿ. ಅಂಥವರು ತೆರೆಸಿದ ಬಾಗಿಲಿನ ಒಳಗೆ ಈಗ ಇನ್ನೊಂದು ಬಾಗಿಲು ಎದ್ದಿದೆ. ಪೀಚ್ ಸಿಗದವರು ಆಚೆ.

ಆ ರುಚಿ ನೋಡೋ ಕೋಣೆಯ ಕಥೆಯೂ ಚೆನ್ನಾಗಿದೆ. 150 ಮಿಲಿ ನೀರಿಗೆ 8.25 ಗ್ರಾಂ ಪುಡಿ. ನಾಲ್ಕು ನಿಮಿಷಕ್ಕೆ ಮೇಲೆ ತೇಲೋ ಪುಡಿಯ ಕೆನೆ ಮುರೀಬೇಕು. ಆಮೇಲೆ ಚಮಚದಿಂದ ಸುರ್ರ್ ಅಂತ ಕೋಣೆಯೆಲ್ಲ ಕೇಳೋ ಹಾಗೆ ಹೀರಿ, ಬಾಯಲ್ಲಿ ಆಡಿಸಿ, ಉಗೀತಾರೆ. ಮನೆಯಲ್ಲಿ ನಾನು ಹಾಗೆ ಹೀರಿದರೆ ಬೈಗುಳ, ಅವರು ಹೀರಿದರೆ ಸರ್ಟಿಫಿಕೇಟ್. ನೂರಕ್ಕೆ 80 ಬಂದರೆ ಸ್ಪೆಷಾಲಿಟಿ. 79.75 ಬಂದರೆ ಬರೀ ಕಾಫಿ. ಆ ಕಾಲು ಅಂಕ ಯಾರ ನಾಲಿಗೆಯ ಯಾವ ಮೂಲೆಯಲ್ಲಿರುತ್ತೋ.

1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಅನ್ನೋ ಗೃಹಿಣಿ ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಒತ್ತುಕಾಗದ ಹಾಸಿ ಕಾಫಿ ಸೋಸಿದರು. ಹುಡುಗನ ಮುಂದಿದ್ದದ್ದು ಇವತ್ತಿಗೂ ಅದೇ: ತೂತು, ಕಾಗದ, ಬಿಸಿನೀರು. ಜಾಸ್ತಿಯಾಗಿದ್ದು ತಕ್ಕಡಿ, ಟೈಮರ್, ಥರ್ಮಾಮೀಟರ್ ಮತ್ತು ನನ್ನ ಹೆದರಿಕೆ.

ಹುಡುಗನನ್ನು ಆಡಿಕೊಳ್ಳೋಕೆ ಮನಸ್ಸಿಲ್ಲ ಬಿಡಿ. ಬೆಳಗಿನಿಂದ ನಿಂತೇ ಇದ್ದಾನೆ, ಮಣಿಕಟ್ಟಿನ ಹತ್ತಿರ ಹಬೆ ತಾಗಿ ಸುಟ್ಟ ಗುರುತಿದೆ. ಅವನಿಗೆ ಪೀಚ್ ನಿಜವಾಗಿಯೂ ಬರುತ್ತೋ ಏನೋ. "ಇನ್ನೆರಡು ನಿಮಿಷ ಬಿಡಿ ಸರ್" ಅಂತ ನನಗೆ ಮತ್ತೊಂದು ಅವಕಾಶ ಕೊಟ್ಟ. ಕಾಯುತ್ತಾ ಬೀಜದ ಚೀಲ ತಿರುಗಿಸಿ ನೋಡಿದೆ.

ಚೀಲದ ಮೇಲೆ ಜಾತಕವೇ ಇತ್ತು. ದೇಶ, ತೋಟ, ತಳಿ, ಎಷ್ಟು ಗಂಟೆ ಹುಳಿ ಬರಿಸಿದ್ದು, ಯಾವ ದಿನ ಹುರಿದಿದ್ದು. ಮಧ್ಯದಲ್ಲಿ ಹಣ್ಣು ಬಿಡಿಸುತ್ತಿರುವ ಹೆಂಗಸಿನ ಫೋಟೋ. ನಗುತ್ತಿದ್ದಳು. ಕಾಫಿ ಹಣ್ಣು ಎಲ್ಲಾ ಒಟ್ಟಿಗೆ ಮಾಗಲ್ಲ. ಇಂಥ ಕಾಫಿಗೆ ಅದೇ ಗಿಡದ ಹತ್ತಿರ ಮತ್ತೆ ಮತ್ತೆ ಬಂದು ಕೆಂಪಾಗಿದ್ದನ್ನೇ ನೋಡಿ ಬಿಡಿಸಬೇಕು. ಒಂದು ಹಣ್ಣಿಗೆ ಸಾಮಾನ್ಯವಾಗಿ ಎರಡು ಬೀಜ. ಹುಡುಗ ತೂಕ ಸರಿಮಾಡೋಕೆ ಪಕ್ಕಕ್ಕಿಟ್ಟಿದ್ದು ಸರಿಯಾಗಿ ಒಂದು ಹಣ್ಣು. ಕೌಂಟರಿನ ಮೇಲೆ ಅದಿನ್ನೂ ಹಾಗೇ ಬಿದ್ದಿತ್ತು.

ಇಷ್ಟೆಲ್ಲ ಬರೆದವರು ಆ ಹೆಂಗಸಿಗೆ ಒಂದು ಬುಟ್ಟಿಗೆ ಎಷ್ಟು ಕೊಟ್ಟರು ಅಂತಲೂ ಬರೆದಿರಬಹುದು ಅಂತ ಕನ್ನಡಕ ಹಾಕಿ ಹುಡುಕಿದೆ. ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ 1,900 ಅಂತಿತ್ತು. ಪರವಾಗಿಲ್ಲವೇ ಅಂದುಕೊಂಡೆ. ಪಕ್ಕದಲ್ಲಿ ಮೀಟರ್ ಅಂತಿತ್ತು. ತೋಟದ ಎತ್ತರ.

"ಸರ್, ಈಗ ಕುಡೀರಿ."

ಕುಡಿದೆ. ತಣ್ಣಗಾಗಿತ್ತು, ಸ್ವಲ್ಪ ಹುಳಿಯಿತ್ತು. ಹುಡುಗ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದ. ಗಡ್ಡದವರೂ ಕಿವಿ ನಿಮಿರಿಸಿದರು.

"ಬಂತು" ಅಂದೆ. "ಪೀಚ್ ಬಂತು."

ಅವನ ಮುಖ ಅರಳಿತು. ಕಾರ್ಡನ್ನು ನನ್ನ ಕಡೆ ಸ್ವಲ್ಪ ಸರಿಸಿದ.

"ಮಲ್ಲಿಗೆ?"